ಗುಜರಿಯಿಂದ ಗದ್ದುಗೆಗೆ

ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ವಿಕ್ಟೋರಿಯ ಎಂಬುದೊಂದು ಊರು. 1960ರ ದಶಕದ ನಡುಭಾಗದಲ್ಲಿ ಅಲ್ಲಿನ ಪ್ರೌಢಶಾಲೆಗೆ ಒಬ್ಬ ಧನಿಕ ತನಗೆ ಬೇಡವಾದ ಮೋಟಾರು ಕಾರೊಂದನ್ನು ದಾನವಾಗಿ ಕೊಟ್ಟ. ಯಂತ್ರದ ಕೆಲಸ ಕಲಿಯುವ ಹುಡುಗರು ಅದನ್ನು ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಳ್ಳಲಿ ಎಂಬುದು ದಾನಿಯ ಉದ್ದೇಶ. ಹುಡುಗರೂ ಉಪಾಧ್ಯಾಯರೂ ಅದರಂತೆಯೇ ನಡೆದುಕೊಂಡರು. 1972ರಲ್ಲಿ ಆ ಕಾರು 6,500 ಡಾಲರಿಗೆ ಬೇರೊಬ್ಬನ ಕೈ ಸೇರಿತು. ಕೊಂಡವನು ಅದನ್ನು ತನ್ನ ಊರಿಗೆ ಒಯ್ದು, ಸಾಗಿಸಿದ ಗಾಡಿಯ ಮೇಲಿಂದ ಇಳಿಸದೆ, ಬಯಲಿನಲ್ಲಿ ಹಾಗೆಯೇ ನಿಲ್ಲಿಸಿಬಿಟ್ಟ. ಹತ್ತು ವರ್ಷಕ್ಕೂ ಮಿಕ್ಕಿ ಅದರ ಮೇಲೆ ಮಳೆ ಸುರಿಯಿತು, ಹಿಮ ಬಿದ್ದಿತು, ಸುತ್ತಲೂ ಹುಲ್ಲು ಬೆಳೆಯಿತು.

ಆ ಕಾರಿನ ಹೆಸರು ಫೆರಾರಿ 250 ಜಿ.ಟಿ.ಓ. ಅದರ ಒಡಹುಟ್ಟಿದ ಕಾರೊಂದು 2018ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಮಾರಾಟವಾಯಿತು. ಅಂದಿನ ದರದಲ್ಲಿ ಲೆಕ್ಕ ಹಾಕಿದರೆ ಮುನ್ನೂರು ಕೋಟಿ ರೂಪಾಯಿಗೂ ಹೆಚ್ಚಾಯಿತು. ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಮಾತು ಆನೆಗೆ ಸಲ್ಲುತ್ತದೆ. ಮೋಟಾರಿಗೆ ಸಲ್ಲುವುದು ಅಪರೂಪ. ಅಂಗಡಿಯಿಂದ ಹೊರಬಿದ್ದ ದಿನದಿಂದಲೇ ಬೆಲೆ ಇಳಿಯುವುದು ಮೋಟಾರಿನ ಹಣೆಬರಹ. ಹೀಗಿರುವಾಗ ಶಾಲೆಯ ಮಕ್ಕಳ ಆಟದ ವಸ್ತುವಾಗಿದ್ದ ಒಂದು ಯಂತ್ರ ಅರಮನೆಯ ಬೆಲೆಗೆ ಏರಿದ್ದು ಹೇಗೆ? ಈ ಕಥೆಯಲ್ಲಿ ಕಬ್ಬಿಣ, ಅಲ್ಯೂಮಿನಿಯಮ್ಮುಗಳಿಗಿಂತ ಮನುಷ್ಯರ ಪಾತ್ರವೇ ದೊಡ್ಡದು.

ಮೊಡೆನದ ಮನುಷ್ಯ

ಉತ್ತರ ಇಟಲಿಯ ಮೊಡೆನ ನಗರದಲ್ಲಿ 1898ರಲ್ಲಿ ಹುಟ್ಟಿದ ಎನ್ಜೊ ಫೆರಾರಿ ಮೊದಲು ಕಾರು ತಯಾರಿಸುವವನಾಗಿರಲಿಲ್ಲ, ಓಡಿಸುವವನಾಗಿದ್ದ. 1929ರಲ್ಲಿ ಆತ ಕಟ್ಟಿದ ತಂಡ ಆಲ್ಫಾ ರೊಮಿಯೊ ಕಾರ್ಖಾನೆಯ ಕಾರುಗಳನ್ನು ಪಂದ್ಯಗಳಲ್ಲಿ ಓಡಿಸುತ್ತಿತ್ತು. ತನ್ನ ಹೆಸರು ಹೊತ್ತ ಮೊದಲ ಕಾರನ್ನು ಆತ ಹೊರತಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಮೊಡೆನದ ಸಮೀಪದ ಮರನೆಲ್ಲೊ ಗ್ರಾಮದಿಂದ. ಇತರ ಕಾರ್ಖಾನೆಗಳು ಕಾರು ಮಾರಲೆಂದು ಪಂದ್ಯಗಳಲ್ಲಿ ಸ್ಪರ್ಧಿಸಿದರೆ, ಫೆರಾರಿ ಪಂದ್ಯಗಳಲ್ಲಿ ಸ್ಪರ್ಧಿಸಲೆಂದು ಕಾರು ಮಾರುತ್ತಿದ್ದ. ಗಿರಾಕಿಗಳು ಹಣ ತರುತ್ತಾರೆ, ಆ ಹಣದಿಂದ ಮುಂದಿನ ವರ್ಷದ ಪಂದ್ಯದ ಕಾರು ಸಿದ್ಧವಾಗುತ್ತದೆ—ಆತನ ವ್ಯಾಪಾರವೆಲ್ಲ ಇಷ್ಟೇ. ಪಂದ್ಯ ಮುಗಿದ ಹಳೆಯ ಕಾರು ಆತನ ದೃಷ್ಟಿಯಲ್ಲಿ ಜಾಗ ಹಿಡಿಯುವ ಲೋಹ ಮಾತ್ರ. ಇಂದು ಕೋಟಿಗಟ್ಟಲೆ ಬಾಳುವ ಯಂತ್ರಗಳಲ್ಲಿ ಎಷ್ಟೋ ಆತನ ಅಂಗಳದಿಂದಲೇ ಗುಜರಿಗೆ ಹೋಗಿವೆ.

ಆತನ ಮನೆಯಲ್ಲಿ ದುಃಖವಿತ್ತು. ಮಗ ಡೀನೊ ಸ್ನಾಯುಗಳು ಕ್ಷೀಣಿಸುವ ವ್ಯಾಧಿಯಿಂದ 1956ರಲ್ಲಿ ಇಪ್ಪತ್ನಾಲ್ಕನೆಯ ವಯಸ್ಸಿನಲ್ಲೇ ತೀರಿಕೊಂಡ. ಮರುವರ್ಷ ಕಾರ್ಖಾನೆಗೂ ಕಳಂಕ ತಟ್ಟಿತು. ಬ್ರೆಷಿಯದಿಂದ ರೋಮಿಗೆ ಹೋಗಿ ಮರಳುವ, ಸಾರ್ವಜನಿಕ ರಸ್ತೆಗಳ ಮೇಲೆಯೇ ನಡೆಯುವ ಸಾವಿರ ಮೈಲಿಯ ಓಟವೊಂದು ಇಟಲಿಯಲ್ಲಿ 1927ರಿಂದ ನಡೆದುಬಂದಿತ್ತು. ಮಿಲ್ಲೆ ಮಿಲಿಯ ಎಂದು ಅದರ ಹೆಸರು. 1957ರ ಮೇ 12ರಂದು, ಗುರಿ ಇನ್ನೇನು ಸಮೀಪಿಸಿತು ಎನ್ನುವಾಗ, ಗ್ವಿದಿಜ್ಜೋಲೊ ಎಂಬ ಹಳ್ಳಿಯ ಬಳಿ ಒಂದು ಫೆರಾರಿಯ ಟೈರು ಸಿಡಿಯಿತು. ಓಡಿಸುತ್ತಿದ್ದ ಸ್ಪೇನಿನ ಮನೆತನಸ್ಥ ಡಿ ಪೊರ್ಟಾಗೊ, ಜೊತೆಯಲ್ಲಿ ಕುಳಿತಿದ್ದ ನೆಲ್ಸನ್, ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಿದ್ದ ಒಂಬತ್ತು ಮಂದಿ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಓಟ ಅಲ್ಲಿಗೆ ನಿಂತೇಹೋಯಿತು. ಫೆರಾರಿಯ ಮೇಲೆ ಹೂಡಿದ ಮೊಕದ್ದಮೆ ಇತ್ಯರ್ಥವಾಗಿ ಆತ ನಿರ್ದೋಷಿ ಎನಿಸಿಕೊಂಡದ್ದು 1961ರಲ್ಲಿ.

ಅದೇ ತಂಡದಲ್ಲಿ, ಅದೇ ಓಟದಲ್ಲಿ ಓಡಿದ ಇನ್ನೊಂದು ಕಾರು 2016ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ 3 ಕೋಟಿ 21 ಲಕ್ಷ ಯೂರೋಗಳಿಗೆ ಹೋಯಿತು. ಹರಾಜಿನ ಬೆಲೆಪಟ್ಟಿಯಲ್ಲಿ ಓಟದ ಹೆಸರು ದಪ್ಪ ಅಕ್ಷರಗಳಲ್ಲಿ ಬರುತ್ತದೆ. ಹಳ್ಳಿಯ ಹೆಸರಿಗೆ ಅಷ್ಟು ಜಾಗ ಸಿಕ್ಕುವುದಿಲ್ಲ.

ಮೂವತ್ತಾರು ಕಾರುಗಳು

ಜಿ.ಟಿ.ಓ. ಹುಟ್ಟಿದ್ದು ಈ ಮೊಕದ್ದಮೆ ಮುಗಿದ ವರ್ಷವೇ. ಇಂಗ್ಲೆಂಡಿನ ಜಾಗ್ವಾರ್ ಕಂಪೆನಿ ‘ಇ’ ಮಾದರಿಯ ಹೊಸ ಕಾರನ್ನು ಹೊರತಂದಿತ್ತು. ಅದನ್ನು ಮೀರಿಸುವ ಪಂದ್ಯದ ಕಾರು ಬೇಕೆಂದು ಜಿಯೊಟ್ಟೊ ಬಿಜ್ಜಾರಿನಿ ಎಂಬ ಎಂಜಿನಿಯರನಿಗೆ ಫೆರಾರಿ ಗುಟ್ಟಾಗಿ ಕೆಲಸ ಒಪ್ಪಿಸಿದ. ಆತ ಹಳೆಯ ಕಾರೊಂದರ ಎಂಜಿನ್ನನ್ನು ಕೆಳಕ್ಕೂ ಹಿಂದಕ್ಕೂ ಸರಿಸಿ, ಮೂತಿಯನ್ನು ತಗ್ಗಿಸಿ, ಗಾಳಿಯನ್ನು ಸೀಳಿಕೊಂಡು ಹೋಗುವ ಆಕಾರವನ್ನು ಹುಡುಕಿದ. ಕೆಲಸ ಅರ್ಧಕ್ಕೆ ಬಂದಿದ್ದಾಗ ಕಾರ್ಖಾನೆಯಲ್ಲಿ ದೊಡ್ಡ ಕಲಹವೆದ್ದಿತು. ಯಜಮಾನನ ಪತ್ನಿ ಕಾರ್ಖಾನೆಯ ವ್ಯವಹಾರದಲ್ಲಿ ಕೈಹಾಕುತ್ತಾಳೆ ಎಂಬುದು ಅಧಿಕಾರಿಗಳ ದೂರು. 1961ರ ಕೊನೆಯಲ್ಲಿ ಬಿಜ್ಜಾರಿನಿಯೂ ಸೇರಿದಂತೆ ಪ್ರಮುಖರೆಲ್ಲ ಒಟ್ಟಿಗೆ ಹೊರನಡೆದರು. ಫೆರಾರಿ ಎದೆಗುಂದಲಿಲ್ಲ. ಇಪ್ಪತ್ತಾರು ವರ್ಷದ ಮೌರೊ ಫೊರ್ಗಿಯೇರಿ ಎಂಬ ತರುಣನನ್ನು ಕರೆದು, ಉಳಿದ ಕೆಲಸವನ್ನು ಮುಗಿಸು ಎಂದ. ಆ ತರುಣ ಮುಗಿಸಿಕೊಟ್ಟ.

ಮೈಯನ್ನು ಕಟ್ಟಿದ್ದು ಮೊಡೆನದ ಸೆರ್ಜಿಯೊ ಸ್ಕಾಲಿಯೆಟ್ಟಿಯ ಕಮ್ಮಟ. ಅಲ್ಯೂಮಿನಿಯಮ್ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ರೂಪ ಕೊಡುತ್ತಿದ್ದರು. ನಮ್ಮಲ್ಲಿ ಕಂಚುಗಾರರು ಕೊಡ ಬಡಿಯುವಂತೆಯೇ. ಆದುದರಿಂದ ಒಂದು ಕಾರಿನಂತೆ ಇನ್ನೊಂದಿಲ್ಲ. ಒಂದರ ಎಡಗೆನ್ನೆಗೂ ಬಲಗೆನ್ನೆಗೂ ವ್ಯತ್ಯಾಸವಿದ್ದರೂ ಆಶ್ಚರ್ಯಪಡಬೇಕಿಲ್ಲ. ಮುಂಭಾಗದಲ್ಲಿ ಹನ್ನೆರಡು ಸಿಲಿಂಡರುಗಳ, ಮೂರು ಲೀಟರಿನ, ಸುಮಾರು ಮುನ್ನೂರು ಅಶ್ವಶಕ್ತಿಯ ಎಂಜಿನ್ನು. ಹೆಸರಿನಲ್ಲಿರುವ 250 ಎಂಬ ಅಂಕಿ ಒಂದೊಂದು ಸಿಲಿಂಡರಿನ ಗಾತ್ರವನ್ನು ಘನ ಸೆಂಟಿಮೀಟರುಗಳಲ್ಲಿ ಹೇಳುತ್ತದೆ. ಒಳಗೆ ಕುಳಿತು ನೋಡಿದವರಿಗೆ ಮೊದಲು ಕಾಣುವುದು ಬಡತನ. ನೆಲಕ್ಕೆ ಹಾಸಿಲ್ಲ, ಗದ್ದುಗೆಗೆ ಬರಿಯ ಬಟ್ಟೆ. ಎಂಜಿನ್ನಿನ ಸುತ್ತುಗಳನ್ನು ತೋರಿಸುವ ದೊಡ್ಡ ಮುಳ್ಳೊಂದು ಎದುರಿಗಿದೆ. ಕಾರು ಎಷ್ಟು ವೇಗವಾಗಿ ಓಡುತ್ತಿದೆ ಎಂದು ತೋರಿಸುವ ಮುಳ್ಳೇ ಇಲ್ಲ. ಪಂದ್ಯದಲ್ಲಿ ಅದರ ಅಗತ್ಯವೇನು? ಮುಂದಿರುವವನನ್ನು ಹಿಂದೆ ಹಾಕಿದರಾಯಿತು.

ಜಿ.ಟಿ.ಓ. ಎಂಬುದರ ಕೊನೆಯ ‘ಓ’ ಅಕ್ಷರಕ್ಕೆ ‘ಅಂಗೀಕೃತ’ ಎಂದು ಅರ್ಥ. ಅಂಗೀಕಾರದ್ದೇ ಒಂದು ಸ್ವಾರಸ್ಯ. ಆ ವರ್ಗದ ಪಂದ್ಯಕ್ಕೆ ಇಳಿಯಬೇಕಾದರೆ ಒಂದೇ ಮಾದರಿಯ ನೂರು ಕಾರುಗಳನ್ನು ತಯಾರಿಸಿರಬೇಕೆಂಬುದು ನಿಯಮ. ಫೆರಾರಿ 1962ರಿಂದ 1964ರವರೆಗೆ ತಯಾರಿಸಿದ್ದು ಮೂವತ್ತಾರು ಮಾತ್ರ. ಪರೀಕ್ಷಕರು ಬಂದಾಗ ಅವೇ ಕಾರುಗಳನ್ನು ಊರಿಂದೂರಿಗೆ ಸಾಗಿಸಿ ಮತ್ತೆ ಮತ್ತೆ ಎಣಿಸುವಂತೆ ಮಾಡಿದ ಎಂಬ ಕಥೆ ಇಂದಿಗೂ ಚಲಾವಣೆಯಲ್ಲಿದೆ. ಕಥೆ ಸೊಗಸಾಗಿದೆ, ಆದರೆ ಕಾಗದಪತ್ರದ ಹಾದಿ ಇನ್ನೂ ಸುಲಭದ್ದಾಗಿತ್ತು. ಇದು ಹೊಸ ಕಾರೇ ಅಲ್ಲ, ಆಗಲೇ ಅಂಗೀಕಾರ ಪಡೆದಿರುವ ಹಿಂದಿನ 250 ಮಾದರಿಗೆ ತೊಡಿಸಿದ ಹೊಸ ಅಂಗಿ ಎಂದು ಆತ ಅರ್ಜಿಯಲ್ಲಿ ಬರೆದ, ಅಧಿಕಾರಿಗಳು ಒಪ್ಪಿಬಿಟ್ಟರು. ಎರಡು ವರ್ಷಗಳ ತರುವಾಯ ಎಂಜಿನ್ನನ್ನು ಬೆನ್ನ ಹಿಂದಕ್ಕೆ ಕೂಡಿಸಿದ ಪೂರ್ತಿ ಬೇರೆಯದೇ ಕಾರಿನ ವಿಷಯದಲ್ಲಿಯೂ ಇದೇ ಯುಕ್ತಿಯನ್ನು ಹೂಡಿದಾಗ ಅವರು ಎಚ್ಚತ್ತುಕೊಂಡಿದ್ದರು.

ಹೊಸ ಜಿ.ಟಿ.ಓ.ವಿಗೆ ಅಮೆರಿಕದಲ್ಲಿ ಸುಮಾರು 18,000 ಡಾಲರು ಬೆಲೆ. ಅಂದಿನ ವಿನಿಮಯದಂತೆ ಎಂಬತ್ತೈದು ಸಾವಿರ ರೂಪಾಯಿಗಳ ಸುಮಾರು. ಹಣವೊಂದಿದ್ದರೆ ಸಾಲದು, ಕೊಳ್ಳುವವನು ಯಾರೆಂದು ಎನ್ಜೊ ಫೆರಾರಿ ತಾನೇ ವಿಚಾರಿಸಿ ಒಪ್ಪಬೇಕಿತ್ತು. ಒಪ್ಪಿಗೆ ಪಡೆದವರು ಗೆದ್ದರು. 1962ರ ಸೆಬ್ರಿಂಗ್ ಓಟದಲ್ಲಿ ಎರಡನೆಯ ಸ್ಥಾನ. ಅದೇ ವರ್ಷ ಲ ಮಾನ್ ನಗರದ ಇಪ್ಪತ್ತನಾಲ್ಕು ಗಂಟೆಗಳ ಓಟದಲ್ಲಿಯೂ ಎರಡನೆಯ ಸ್ಥಾನ. ಮೂರು ವರ್ಷ ಎಡೆಬಿಡದೆ ತನ್ನ ವರ್ಗದ ವಿಶ್ವಪ್ರಶಸ್ತಿ.

ಇರುಳಿನ ಸವಾರ

ಮೂವತ್ತಾರರಲ್ಲಿ ಒಂದರ ಚರಿತ್ರೆಯನ್ನು ಸ್ವಲ್ಪ ವಿವರವಾಗಿ ನೋಡಬಹುದು. 3851 ಎಂಬ ಅಂಕಿಯನ್ನು ಹೊತ್ತ ಕಾರು ಅದು. 1962ರಲ್ಲಿ ಅದು ಫ್ರಾನ್ಸಿನ ಜೊ ಶ್ಲೆಸರ್ ಎಂಬ ಪಂದ್ಯಗಾರನ ಪಾಲಿಗೆ ಬಂತು. ಆತನ ಜೊತೆಗಾರ ಆನ್ರಿ ಒರೆಯೆ. 1948ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಲ್ಲಿ ಹಿಮದ ಮೇಲೆ ಜಾರುವ ಸ್ಪರ್ಧೆಯಲ್ಲಿ ಎರಡು ಚಿನ್ನದ ಪದಕ ಗೆದ್ದ ವೀರ ಆತ. ಬೆಟ್ಟ ಇಳಿಯುವ ವೇಗ ಸಾಲದೆಂದೋ ಏನೋ, ಮೋಟಾರಿನತ್ತ ತಿರುಗಿದ್ದ. ಆ ಸೆಪ್ಟೆಂಬರಿನಲ್ಲಿ ಇಬ್ಬರೂ ಸೇರಿ ಫ್ರಾನ್ಸನ್ನು ಸುತ್ತುವ ಓಟದಲ್ಲಿ ಎರಡನೆಯ ಸ್ಥಾನ ಪಡೆದರು. ಮರುತಿಂಗಳು ಪ್ಯಾರಿಸ್ ಬಳಿಯ ಮಾಂಟ್ಲೆರಿ ಪಥದಲ್ಲಿ ಒರೆಯೆ ಒಬ್ಬನೇ ಓಡಿಸುತ್ತಿದ್ದಾಗ ಕಾರು ಹತೋಟಿ ತಪ್ಪಿ ಕಟ್ಟಡಕ್ಕೆ ಬಡಿಯಿತು. ಆತ ಬದುಕಲಿಲ್ಲ.

ನುಜ್ಜುಗುಜ್ಜಾದ ಕಾರು ಕಾರ್ಖಾನೆಗೆ ಮರಳಿತು, ದುರಸ್ತಾಯಿತು, ಇಟಲಿಯ ಬೆಟ್ಟದ ಹಾದಿಯ ಪಂದ್ಯಗಳಲ್ಲಿ ಬೇರೆ ಕೈಗಳಲ್ಲಿ ಓಡಿತು. ಮೂರೇ ವರ್ಷಗಳಲ್ಲಿ ಕಾಲ ಬದಲಾಗಿತ್ತು. ಎಂಜಿನ್ನನ್ನು ಹಿಂದಿಟ್ಟುಕೊಂಡ ಹೊಸ ಕಾರುಗಳ ಮುಂದೆ ಜಿ.ಟಿ.ಓ. ಮುದಿಯಾಯಿತು. ಪಂದ್ಯಕ್ಕೆ ಬಾರದ, ಪೇಟೆಯಲ್ಲಿ ಓಡಿಸಿದರೆ ಕಿವಿ ಕಿವುಡಾಗುವ, ಒಳಗೆ ಕುಳಿತವರನ್ನು ಬೇಯಿಸುವ, ಕೆಟ್ಟರೆ ರಿಪೇರಿಗೆ ಬೇರೆ ದೇಶಕ್ಕೆ ಕಳಿಸಬೇಕಾದ ಕಾರನ್ನು ಯಾರು ಕೇಳುತ್ತಾರೆ? 1965ರಲ್ಲಿ ಫಾಬ್ರಿಟ್ಜಿಯೊ ವಿಯೊಲಾತಿ ಎಂಬ ತರುಣ ಅದನ್ನು ಹೊಸ ಕಾರಿನ ಬೆಲೆಯ ಸಣ್ಣದೊಂದು ಪಾಲಿಗೆ ಕೊಂಡ. ಮನೆಯವರಿಗೆ ಪಂದ್ಯದ ಹುಚ್ಚು ಹಿಡಿಸುತ್ತಿರಲಿಲ್ಲ. ಆದುದರಿಂದ ಕಾರನ್ನು ಬಚ್ಚಿಟ್ಟು, ಊರು ಮಲಗಿದ ಮೇಲೆ ಇರುಳಿನಲ್ಲಿ ಓಡಿಸಿ ಬೆಳಗಾಗುವುದರೊಳಗೆ ಮರಳಿ ತಂದಿಡುತ್ತಿದ್ದನೆಂದು ಹೇಳುತ್ತಾರೆ. ಮುಂದೆ ಆತ ಸಾನ್ ಮರಿನೊದಲ್ಲಿ ಫೆರಾರಿಗಳ ಸಂಗ್ರಹಾಲಯವನ್ನೇ ಕಟ್ಟಿದ. ಬೆಲೆ ಏರಿತು, ಇಳಿಯಿತು, ಮತ್ತೆ ಏರಿತು, ಆತ ಮಾರಲಿಲ್ಲ. 2010ರಲ್ಲಿ ಕಾಲವಾಗುವವರೆಗೆ, ನಲವತ್ತೈದು ವರ್ಷ, ಆ ಕಾರು ಆತನದೇ ಆಗಿತ್ತು. ಆತನಿಲ್ಲದ ಮೇಲೆ, 2014ರಲ್ಲಿ, ಅದು ಹರಾಜಿಗೆ ಬಂತು; 3 ಕೋಟಿ 81 ಲಕ್ಷ ಡಾಲರಿಗೆ ಹೋಯಿತು.

ಒರೆಯೆ ಸತ್ತ ಕಾರೆಂದು ಬೆಲೆ ತಗ್ಗಲಿಲ್ಲ. ಹಳೆಯ ಮನೆಯಲ್ಲಿ ಅಪಮೃತ್ಯುವಾಗಿದ್ದರೆ ಬಾಡಿಗೆಗೆ ಬರುವವರೂ ಹಿಂಜರಿಯುತ್ತಾರೆ. ಈ ಪೇಟೆಯ ಮನೋಧರ್ಮವೇ ಬೇರೆ. ಇಲ್ಲಿ ಬೇಕಾದುದು ಮಚ್ಚೆಯಿಲ್ಲದ ಮೈಯಲ್ಲ, ಮುರಿಯದ ಚರಿತ್ರೆ. ಯಾರಿಂದ ಯಾರಿಗೆ ಹೋಯಿತು, ಎಲ್ಲಿ ಗೆದ್ದಿತು, ಎಲ್ಲಿ ಬಿದ್ದಿತು, ಬಿದ್ದಾಗ ಎದ್ದು ನಿಲ್ಲಿಸಿದವರು ಯಾರು—ಎಲ್ಲಕ್ಕೂ ದಾಖಲೆ ಬೇಕು. ಮೂಲ ಚೌಕಟ್ಟಿನ ಅಂಕಿ, ಮೂಲ ಎಂಜಿನ್ನಿನ ಅಂಕಿ ತಾಳೆಯಾಗಬೇಕು.

ಏರಿಳಿತ

ಬೆಲೆ ಮೊದಲು ಮಿಸುಕಿದ್ದು 1970ರ ದಶಕದಲ್ಲಿ. ವಿಚಿತ್ರವೆಂದರೆ ಅದು ಇಂಥ ಕಾರುಗಳಿಗೆ ತೀರ ಕೆಟ್ಟ ಕಾಲ. 1973ರಲ್ಲಿ ಎಣ್ಣೆಯ ಬಿಕ್ಕಟ್ಟು ಬಂತು. ಅಮೆರಿಕದಲ್ಲಿ ಹೊಗೆಯ ಮೇಲೆ, ಸುರಕ್ಷತೆಯ ಮೇಲೆ ಕಟ್ಟುನಿಟ್ಟಿನ ಕಾನೂನುಗಳು ಬಂದವು. ಫೆರಾರಿ ಕಾರ್ಖಾನೆಯ ಅರ್ಧ ಪಾಲು 1969ರಲ್ಲಿಯೇ ಟ್ಯೂರಿನ್ ನಗರದ ಫಿಯೆಟ್ ಸಂಸ್ಥೆಗೆ ಹೋಗಿತ್ತು. ನಮ್ಮ ಊರುಗಳಲ್ಲಿ ಸಂಸಾರಸ್ಥರನ್ನು ಮದುವೆ ಮುಂಜಿಗಳಿಗೆ ಹೊತ್ತೊಯ್ಯುತ್ತಿದ್ದ ‘ಫಿಯೆಟ್’ ಕಾರಿನ ಮೂಲ ಮನೆ ಅದೇ. ಇಂಥ ಕಾರುಗಳನ್ನು ಇನ್ನು ಮುಂದೆ ಯಾರೂ ಮಾಡಲಾರರು, ಮಾಡಲು ಕಾನೂನೂ ಬಿಡದು ಎಂದು ತಿಳಿದಾಗ, ಇದ್ದವುಗಳ ಕಡೆಗೆ ಕೆಲವರು ತಿರುಗಿ ನೋಡಿದರು. ‘ಪಿಂಕ್ ಫ್ಲಾಯ್ಡ್’ ಸಂಗೀತಮೇಳದ ಡ್ರಮ್ ವಾದಕ ನಿಕ್ ಮೇಸನ್ 1977ರಲ್ಲಿ ಒಂದು ಜಿ.ಟಿ.ಓ.ವನ್ನು ಸುಮಾರು 37,000 ಪೌಂಡಿಗೆ ಕೊಂಡಾಗ ಅದು ದುಬಾರಿ ಎಂದೇ ಲೆಕ್ಕ.

ಅದೇ ಕಾಲದ ಒಂದು ಪ್ರಸಂಗ ನಗೆ ಬರಿಸುವಂಥದು. 1978ರಲ್ಲಿ ಲಾಸ್ ಏಂಜೆಲಿಸ್ ನಗರದ ಒಂದು ಮನೆಯ ಅಂಗಳದಲ್ಲಿ ಮಣ್ಣು ಅಗೆಯುತ್ತಿದ್ದ ಮಕ್ಕಳ ಕೈಗೆ ಏನೋ ಗಟ್ಟಿಯಾದ ಲೋಹ ತಗುಲಿತೆಂಬ ಕಥೆ ಹಬ್ಬಿತು. ಪೋಲೀಸರು ಬಂದು ಅಗೆಸಿದರು. ಹೊರಬಂದದ್ದು ನಿಧಿಯ ಕೊಪ್ಪರಿಗೆಯಲ್ಲ, ಒಂದು ಇಡೀ ಕಾರು. ಫೆರಾರಿ ತನ್ನ ಮಗನ ಹೆಸರಿನಿಂದ ‘ಡೀನೊ’ ಎಂದು ಕರೆದ ಮಾದರಿಯದು. 1974ರ ಕೊನೆಯಲ್ಲಿ ಕಳುವಾಯಿತೆಂದು ದೂರು ದಾಖಲಾಗಿತ್ತು. ವಿಮೆಯ ಹಣಕ್ಕಾಗಿ ಕಾರನ್ನು ಮಾಯ ಮಾಡಲು ಕೂಲಿ ಪಡೆದವರು, ಅದನ್ನು ಹಾಳುಗೆಡವಲು ಮನಸ್ಸಾಗದೆ, ಮುಂದೆಂದಾದರೂ ತೆಗೆದುಕೊಳ್ಳೋಣವೆಂದು ಬಟ್ಟೆ ಹೊದಿಸಿ ಹೂತರು ಎಂದು ಆಮೇಲೆ ಬಯಲಾದ ಕಥೆ. ಕಳ್ಳರಿಗೂ ರುಚಿಯಿರುತ್ತದೆ! ಆ ಕಾರು ದುರಸ್ತಾಗಿ ಮತ್ತೆ ರಸ್ತೆಗಿಳಿಯಿತು.

1980ರ ದಶಕದಲ್ಲಿ ಹುಚ್ಚು ಹಬ್ಬಿತು. ಜಿ.ಟಿ.ಓ. ಲಕ್ಷಗಳನ್ನು ದಾಟಿ ಹತ್ತು ಲಕ್ಷವನ್ನು ಮುಟ್ಟಿತು. 1988ರ ಆಗಸ್ಟ್ 14ರಂದು ತೊಂಬತ್ತು ವರ್ಷದ ಎನ್ಜೊ ಫೆರಾರಿ ಕಾಲವಾದ. ಬಣ್ಣಗಾರ ಸತ್ತ ಮೇಲೆ ಚಿತ್ರಕ್ಕೆ ಬೆಲೆ ಎಂಬ ಮಾತು ಇಲ್ಲಿಯೂ ನಿಜವಾಯಿತು. ಆ ಹೊತ್ತಿಗೆ ಜಪಾನಿನಲ್ಲಿ ನೆಲದ ಬೆಲೆಯೂ ಷೇರುಗಳ ಬೆಲೆಯೂ ಆಕಾಶಕ್ಕೇರಿ, ಅಲ್ಲಿನವರ ಕೈಯಲ್ಲಿ ಹಣ ಹೊಳೆಯಾಗಿ ಹರಿಯುತ್ತಿತ್ತು. ವಾನ್ ಗೋನ ಹೂಗಳೂ ಫೆರಾರಿಯ ಕಾರುಗಳೂ ಒಟ್ಟೊಟ್ಟಿಗೆ ಟೋಕಿಯೋದ ಹಾದಿ ಹಿಡಿದವು. 1989ರಲ್ಲಿ ಒಂದು ಜಿ.ಟಿ.ಓ. ಜಪಾನಿನ ಗಿರಾಕಿಗೆ ಒಂದೂವರೆ ಕೋಟಿ ಡಾಲರಿಗೆ ಸಮೀಪದ ಬೆಲೆಗೆ ಹೋಯಿತು.

ಮುಂದೆ ಆದದ್ದನ್ನು ಊಹಿಸಲು ಜ್ಯೋತಿಷ್ಯ ಬೇಡ. 1990ರಲ್ಲಿ ಜಪಾನಿನ ಗುಳ್ಳೆ ಒಡೆಯಿತು. ಸಾಲ ಕೊಟ್ಟ ಬ್ಯಾಂಕುಗಳು ಸಾಲ ಕೇಳಿದವು. ಕಾರಿನ ಮೈಯನ್ನು ಕೈಯಿಂದ ತಡವಿ ಕೊಂಡವರಿಗಿಂತ ಕಾಗದದ ಮೇಲೆ ಕೊಂಡವರೇ ಹೆಚ್ಚಾಗಿದ್ದರಿಂದ, ಎಲ್ಲರೂ ಒಟ್ಟಿಗೆ ಮಾರಲು ನಿಂತರು, ಕೊಳ್ಳುವವರು ಕಾಣಲಿಲ್ಲ. 1990ರ ದಶಕದ ನಡುವಿಗೆ ಜಿ.ಟಿ.ಓ.ವಿನ ಬೆಲೆ ಮೂವತ್ತು ಲಕ್ಷ ಡಾಲರುಗಳ ಆಸುಪಾಸಿಗೆ ಕುಸಿದಿತ್ತು. ಐದೇ ವರ್ಷಗಳಲ್ಲಿ ಐದರಲ್ಲಿ ನಾಲ್ಕು ಪಾಲು ಕರಗಿತು. ಬೇರೆ ಫೆರಾರಿಗಳ, ಅದರಲ್ಲಿಯೂ ಸಂಖ್ಯೆಯಲ್ಲಿ ಹೆಚ್ಚಾಗಿದ್ದ ಮಾದರಿಗಳ ಪಾಡು ಇದಕ್ಕಿಂತ ಕನಿಷ್ಠ. ಹಳೆಯ ಕಾರು ಬ್ಯಾಂಕಿನ ಠೇವಣಿಗಿಂತ ಭದ್ರ ಎಂದು ನಂಬಿದ್ದ ಅನೇಕರು ಮನೆಮಾರು ಕಳೆದುಕೊಂಡರು.

2008ರ ಹಣಕಾಸಿನ ಬಿಕ್ಕಟ್ಟಿನ ನಂತರ ಬ್ಯಾಂಕುಗಳ ಬಡ್ಡಿ ನೆಲ ಕಚ್ಚಿದಾಗ ಶ್ರೀಮಂತರ ಹಣ ಮತ್ತೆ ಈ ಕಡೆ ತಿರುಗಿತು. ಈ ಸಲ ಸಾಲದ ಹಣಕ್ಕಿಂತ ಸ್ವಂತ ಹಣ ಹೆಚ್ಚು. ಆದುದರಿಂದ ಏರಿದ ಬೆಲೆ ಬಹುಮಟ್ಟಿಗೆ ನಿಂತಿತು. 2013ರಲ್ಲಿ ಅಮೆರಿಕದ ಒಂದು ಕುಟುಂಬ, ತಂದೆ 1960ರ ದಶಕದಲ್ಲಿ ಸುಮಾರು ಎಂಟು ಸಾವಿರ ಡಾಲರಿಗೆ ಹೊಸದಾಗಿ ಕೊಂಡಿದ್ದ ತೆರೆದ ಮೈಯ ಫೆರಾರಿಯನ್ನು ಹರಾಜಿಗಿಟ್ಟಿತು. ಆ ಬಗೆಯವು ಹುಟ್ಟಿದ್ದೇ ಹತ್ತು. ಬಂದ 2 ಕೋಟಿ 75 ಲಕ್ಷ ಡಾಲರುಗಳನ್ನು ಮಕ್ಕಳು ಧರ್ಮಕಾರ್ಯಗಳಿಗೆ ಕೊಟ್ಟರು. ಹಂಚಿಕೊಳ್ಳಲು ಕುಳಿತಿದ್ದರೆ ಮನೆ ಒಡೆಯುತ್ತಿತ್ತೋ ಏನೋ. ಅಂತೂ ಒಳ್ಳೆಯ ದಾರಿ.

ಎರಡು ವರ್ಷಗಳ ಮೇಲೆ ಫ್ರಾನ್ಸಿನಿಂದ ಇನ್ನೊಂದು ಸುದ್ದಿ ಬಂತು. ಹಿಂದೊಂದು ಕಾಲದಲ್ಲಿ ಮೋಟಾರುಗಳ ಸಂಗ್ರಹಾಲಯ ಕಟ್ಟುವ ಕನಸು ಕಂಡಿದ್ದ ಸಾರಿಗೆ ಉದ್ಯಮಿಯೊಬ್ಬ, ವ್ಯಾಪಾರ ಕೈಕೊಟ್ಟಾಗ ತನ್ನ ಕಾರುಗಳನ್ನು ಹಳ್ಳಿಯ ಕೊಟ್ಟಿಗೆಗಳಲ್ಲಿ, ತಗಡಿನ ಚಪ್ಪರಗಳಡಿ ಬಿಟ್ಟು ತೀರಿಕೊಂಡಿದ್ದ. ದಶಕಗಳ ನಂತರ ಬೆಲೆಕಟ್ಟುವವರು ಒಳಹೊಕ್ಕು ನೋಡಿದರೆ, ಹಳೆಯ ಪತ್ರಿಕೆಗಳ ಕಟ್ಟುಗಳ ಅಡಿಯಲ್ಲಿ ಧೂಳು ಹೊದ್ದು ಮಲಗಿತ್ತು ಒಂದು ಫೆರಾರಿ ಕ್ಯಾಲಿಫೋರ್ನಿಯ. ಚಲನಚಿತ್ರ ನಟ ಅಲೇನ್ ಡೆಲಾನ್ ಒಮ್ಮೆ ಓಡಿಸುತ್ತಿದ್ದ ಕಾರು. ಧೂಳನ್ನು ಒರೆಸದೆ, ಹಾಗೆಯೇ ಹರಾಜಿಗೆ ತಂದರು. 1 ಕೋಟಿ 63 ಲಕ್ಷ ಯೂರೋ! ಧೂಳು ಒರೆಸಿದ್ದರೆ ಬೆಲೆ ತಗ್ಗುತ್ತಿತ್ತೆಂದು ಬಲ್ಲವರ ಮತ. ದಿನಬೆಳಗಾದರೆ ಮನೆ ಒರೆಸುವ ಗೃಹಿಣಿಯರು ಇದನ್ನು ನಂಬುವುದು ಕಷ್ಟ.

ನಕಲು ಮತ್ತು ನಿಜ

ಇಷ್ಟು ಬೆಲೆಯಿದ್ದಲ್ಲಿ ನಕಲು ಬಾರದಿದ್ದೀತೆ? ಆದರೆ ನಕಲಿಗೂ ಮೂಲ ಸಾಮಗ್ರಿ ಬೇಕು. ಅದಕ್ಕೆ ಬಲಿಯಾದದ್ದು 250 ಜಿ.ಟಿ.ಇ. ಎಂಬ ಬಡಪಾಯಿ. 1960ರಿಂದ 1963ರವರೆಗೆ ಫೆರಾರಿ ತಯಾರಿಸಿದ ನಾಲ್ಕು ಆಸನಗಳ ಕಾರು ಅದು. ಗಂಡ ಹೆಂಡತಿ ಮುಂದೆ, ಮಕ್ಕಳು ಹಿಂದೆ. ಒಂಬೈನೂರಕ್ಕೂ ಮಿಕ್ಕಿ ಮಾರಾಟವಾಗಿ ಕಾರ್ಖಾನೆಯ ಹೊಟ್ಟೆ ಹೊರೆದ ಮಾದರಿ. ರೋಮ್ ನಗರದ ಪೋಲೀಸರೂ ಕಳ್ಳರನ್ನು ಅಟ್ಟಲೆಂದು ಕಪ್ಪು ಬಣ್ಣದ ಒಂದನ್ನು ಇಟ್ಟುಕೊಂಡಿದ್ದರು. ಅದನ್ನು ಓಡಿಸುತ್ತಿದ್ದ ಸ್ಪತಾಫೊರ ಎಂಬ ಪೋಲೀಸನು ಪುಂಡರ ಬೆನ್ನಟ್ಟಿ ನಗರದ ಪ್ರಸಿದ್ಧ ಸ್ಪ್ಯಾನಿಷ್ ಸೋಪಾನಗಳನ್ನೇ ಇಳಿಸಿಬಿಟ್ಟನೆಂದು ದಂತಕಥೆ. ಇಂಥ ಸಂಸಾರದ ಕಾರಿನೊಳಗೂ ಇದ್ದದ್ದು ಅದೇ ಮೂರು ಲೀಟರಿನ, ಹನ್ನೆರಡು ಸಿಲಿಂಡರಿನ ಎಂಜಿನ್ನು. ಬೆಲೆ ಬಾರದಿದ್ದ ದಿನಗಳಲ್ಲಿ ಎಷ್ಟೋ ಜಿ.ಟಿ.ಇ.ಗಳ ಮೈ ಕಳಚಿ, ಚೌಕಟ್ಟನ್ನು ಕತ್ತರಿಸಿ ಗಿಡ್ಡ ಮಾಡಿ, ಜಿ.ಟಿ.ಓ.ವಿನ ವೇಷ ತೊಡಿಸಿದರು. ಇಂದು ಜಿ.ಟಿ.ಇ.ಗೂ ಒಳ್ಳೆಯ ಬೆಲೆ ಬಂದಿದೆ. ಕತ್ತರಿಸಿದವರು ಕೈ ಹಿಸುಕಿಕೊಳ್ಳುತ್ತಿರಬೇಕು.

2019ರಲ್ಲಿ ಬೊಲೋನ ನಗರದ ನ್ಯಾಯಾಲಯ ಒಂದು ವಿಲಕ್ಷಣ ತೀರ್ಪು ಕೊಟ್ಟಿತು. 250 ಜಿ.ಟಿ.ಓ. ಒಂದು ಕಲಾಕೃತಿ; ಅದರ ಆಕಾರವನ್ನು ಇತರರು ನಕಲು ಮಾಡತಕ್ಕದ್ದಲ್ಲ. ಶಿಲ್ಪಕ್ಕೂ ಚಿತ್ರಕ್ಕೂ ಇರುವ ರಕ್ಷಣೆ ಒಂದು ಮೋಟಾರಿಗೂ ದೊರಕಿತು. ಸುತ್ತಿಗೆ ಹಿಡಿದು ತಗಡು ಬಡಿದ ಸ್ಕಾಲಿಯೆಟ್ಟಿ 2011ರಲ್ಲಿಯೇ ತೀರಿಕೊಂಡಿದ್ದುದರಿಂದ, ತಾನು ಶಿಲ್ಪಿಯಾದುದನ್ನು ಕೇಳಲು ಆತನಿರಲಿಲ್ಲ.

ಇಟಲಿಯಲ್ಲಿ ಹುಟ್ಟಿದ ಸೊಗಸಾದ ಕಾರುಗಳಿಗೆಲ್ಲ ಈ ಭಾಗ್ಯವಿಲ್ಲ. ಟ್ರ್ಯಾಕ್ಟರು ತಯಾರಿಸುತ್ತಿದ್ದ ಲಂಬೋರ್ಗಿನಿ ತನ್ನ ಫೆರಾರಿಯ ಬಗ್ಗೆ ದೂರು ಹೇಳಲು ಹೋಗಿ ಅವಮಾನಿತನಾಗಿ ತಾನೇ ಕಾರು ತಯಾರಿಸಿದನೆಂಬ ಕಥೆ ಪ್ರಸಿದ್ಧ. ಆತ 1966ರಲ್ಲಿ ಜಿನೀವಾ ಪ್ರದರ್ಶನಕ್ಕೆ ತಂದ ‘ಮಿಯುರ’, ಹನ್ನೆರಡು ಸಿಲಿಂಡರುಗಳ ಎಂಜಿನ್ನನ್ನು ಬೆನ್ನ ಹಿಂದೆ ಅಡ್ಡಡ್ಡ ಕೂಡಿಸಿದ ಕಾರು, ನೋಟದಲ್ಲಿ ಜಿ.ಟಿ.ಓ.ವಿಗೆ ಸೋಲುವಂಥದಲ್ಲ. ಅದಕ್ಕೂ ಇಂದು ಹತ್ತಾರು ಲಕ್ಷ ಡಾಲರು ಬಾಳಿಕೆಯಿದೆ, ಆದರೆ ಕೋಟಿಗಳಲ್ಲ. ಅದು ಪಂದ್ಯಗಳಲ್ಲಿ ಓಡಿದ್ದಲ್ಲ, ಏಳುನೂರಕ್ಕೂ ಹೆಚ್ಚು ಹುಟ್ಟಿದವು. ಡೆ ತೊಮಾಸೊ ಕಂಪೆನಿಯ ‘ಪಂತೇರ’ದ ಕಥೆ ಇನ್ನೂ ಬೇರೆ. ಇಟಲಿಯ ಮೈ, ಅಮೆರಿಕದ ಫೋರ್ಡ್ ಎಂಜಿನ್ನು, ಸಾವಿರಗಟ್ಟಲೆ ಮಾರಾಟ. ಫೋರ್ಡ್ ಎಂಜಿನ್ನು ಕೆಡುವುದು ಕಡಮೆ, ಕೆಟ್ಟರೆ ಯಾವ ಊರಿನಲ್ಲಾದರೂ ರಿಪೇರಿಯಾಗುತ್ತದೆ. ಆ ಸದ್ಗುಣವೇ ಅದರ ಬೆಲೆಗೆ ಮುಳುವಾಯಿತು.

ಇಂದಿನ ಸ್ಥಿತಿ

2018ರಲ್ಲಿ ಒಂದು ಜಿ.ಟಿ.ಓ. ಹರಾಜಿಲ್ಲದೆ, ಖಾಸಗಿಯಾಗಿ, 7 ಕೋಟಿ ಡಾಲರಿಗೆ ಕೈಬದಲಾಯಿಸಿತೆಂದು ವರದಿಯಾಯಿತು. ಜಗತ್ತಿನಲ್ಲಿಯೇ ಅತಿ ಹೆಚ್ಚು ಬೆಲೆಯ ಕಾರು ಎಂಬ ಕಿರೀಟ ಮಾತ್ರ ಈಗ ಇಟಲಿಯದಲ್ಲ. 2022ರಲ್ಲಿ ಜರ್ಮನಿಯ ಮರ್ಸಿಡಿಸ್ ಕಂಪೆನಿ ತನ್ನ ಸಂಗ್ರಹದಿಂದ 1955ರ ಕಾರೊಂದನ್ನು 13 ಕೋಟಿ 50 ಲಕ್ಷ ಯೂರೋಗಳಿಗೆ ಮಾರಿ ಅದನ್ನು ಕಸಿದುಕೊಂಡಿತು. 2023ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು ಜಿ.ಟಿ.ಓ. ಹರಾಜಾಯಿತು. ಕಾರ್ಖಾನೆಯ ಸ್ವಂತ ತಂಡವೇ 1962ರಲ್ಲಿ ಓಡಿಸಿ ನ್ಯೂರ್ಬರ್ಗ್‌ರಿಂಗ್ ಪಥದಲ್ಲಿ ಎರಡನೆಯ ಸ್ಥಾನ ಗಳಿಸಿದ ಕಾರು ಅದು. ಮಾರಿದವನು ಮೂವತ್ತೆಂಟು ವರ್ಷ ಇಟ್ಟುಕೊಂಡಿದ್ದ. 6 ಕೋಟಿ ದಾಟೀತೆಂದು ನಿರೀಕ್ಷಿಸಿದ್ದರು. 5 ಕೋಟಿ 17 ಲಕ್ಷಕ್ಕೆ ಸುತ್ತಿಗೆ ಬಿತ್ತು. ಐದು ವರ್ಷಗಳ ಹಿಂದಿನ ಹರಾಜಿಗಿಂತ ಅಂಕಿ ಮೇಲೇರಿದಂತೆ ಕಂಡರೂ, ನಡುವೆ ಡಾಲರಿನ ಬೆಲೆ ಇಳಿದದ್ದನ್ನು ಲೆಕ್ಕ ಹಿಡಿದರೆ ಏರಿತೆನ್ನುವಂತಿಲ್ಲ.

ಇದಕ್ಕೆ ಒಂದು ಕಾರಣ ಸರಳವಾಗಿದೆ. ಬಾಲ್ಯದಲ್ಲಿ ಗೋಡೆಗೆ ಅಂಟಿಸಿದ್ದ ಚಿತ್ರವನ್ನು ಮನುಷ್ಯ ಐವತ್ತರ ಪ್ರಾಯದಲ್ಲಿ ಹಣ ಬಂದಾಗ ಕೊಳ್ಳುತ್ತಾನೆ. 1962ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನಿಗೆ ಈಗ ಎಪ್ಪತ್ತು ದಾಟಿದೆ. ಆತ ಕೊಳ್ಳುವುದಕ್ಕಿಂತ ಮಕ್ಕಳಿಗೆ ಏನು ಬಿಟ್ಟುಹೋಗಲಿ ಎಂದು ಯೋಚಿಸುತ್ತಿದ್ದಾನೆ. ಈಗ ಹಣವುಳ್ಳವರ ಗೋಡೆಯ ಮೇಲಿದ್ದದ್ದು 1980ರ ದಶಕದ ಫೆರಾರಿಗಳು, ಅದರಿಂದೀಚಿನವು. ಅವುಗಳ ಬೆಲೆ ಏರುತ್ತಿದೆ. ಜಿ.ಟಿ.ಓ. ಮಾತ್ರ ಈ ನಿಯಮಕ್ಕೆ ಹೊರತಾಗಿ ಉಳಿಯಬಹುದೆಂದು ನಂಬುವವರಿದ್ದಾರೆ; ಅದರ ಒಡೆಯರು ಹಾಗೆ ನಂಬುವುದು ಸಹಜವೇ.

ಒಡೆಯರಲ್ಲಿ ಎರಡು ಬಗೆ. ಬೀಗ ಹಾಕಿ, ಹವೆ ಹದ ಮಾಡಿದ ಕೋಣೆಯಲ್ಲಿ ನಿಲ್ಲಿಸಿ, ಬೆಲೆ ಏರುವುದನ್ನು ಕಾಯುವವರು ಒಂದು. ಓಡಿಸುವವರು ಇನ್ನೊಂದು. ಜಿ.ಟಿ.ಓ. ಒಡೆಯರು ಆಗಾಗ ಒಟ್ಟುಗೂಡಿ ತಮ್ಮ ಕಾರುಗಳಲ್ಲಿ ದೂರದ ಪ್ರವಾಸ ಹೊರಡುತ್ತಾರೆ. 2012ರಲ್ಲಿ, ಐವತ್ತನೆಯ ವರ್ಷದ ನೆನಪಿಗೆ ಫ್ರಾನ್ಸಿನಲ್ಲಿ ಹೊರಟಿದ್ದ ಇಂಥದೊಂದು ಪ್ರವಾಸದಲ್ಲಿ ಒಂದು ಜಿ.ಟಿ.ಓ.ವಿಗೂ ಹಾದಿಹೋಕರ ಸಾಧಾರಣ ಕಾರಿಗೂ ಡಿಕ್ಕಿಯಾಯಿತು. ಪತ್ರಿಕೆಗಳು ನಷ್ಟದ ಅಂಕಿಯನ್ನು ಬಾಯಿ ಚಪ್ಪರಿಸುತ್ತ ಬರೆದವು. ಓಡಿಸುವವರು ನಿಲ್ಲಿಸಲಿಲ್ಲ. ಇಂಗ್ಲೆಂಡಿನ ಗುಡ್‌ವುಡ್ ಪಥದಲ್ಲಿ ಸೆಪ್ಟೆಂಬರ್ ತಿಂಗಳ ಹಳೆಯ ಕಾರುಗಳ ಉತ್ಸವದಲ್ಲಿ, 1963ಕ್ಕೆ ಮುಂಚಿನ ಮುಚ್ಚಿದ ಮೈಯ ಕಾರುಗಳಿಗೆಂದೇ ಒಂದು ಓಟವಿದೆ. ಅದು ಸಂಜೆಯ ಹೊತ್ತು ನಡೆಯುತ್ತದೆ. ಜಾಗ್ವಾರುಗಳೂ ಜಿ.ಟಿ.ಓ.ಗಳೂ ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ತಿರುವುಗಳಿಗೆ ನುಗ್ಗುತ್ತವೆ. ಕತ್ತಲಾಗುತ್ತಿದ್ದಂತೆ ಮುಂದೀಪಗಳು ಹೊತ್ತಿಕೊಳ್ಳುತ್ತವೆ. ಬ್ರೇಕು ಹಾಕಿದಾಗ ಚಕ್ರಗಳ ಒಳಗೆ ಕೆಂಡದ ಬಣ್ಣ ಕಾಣುತ್ತದೆ. ಹನ್ನೆರಡು ಸಿಲಿಂಡರುಗಳ ಸದ್ದು ಬೇಲಿಯಾಚೆಯ ಹೊಲಗಳವರೆಗೂ ಕೇಳಿಸುತ್ತದೆ.